ಮಲಪ್ರಭೆಯ ಸೀಮೆಯಲ್ಲಿ ರಂಗ, ಬೆಳ್ಳಿತೆರೆ ಮತ್ತು ಕಿರುತೆರೆ: ಏರಿಳಿತಗಳ ಒಂದು ಅವಲೋಕನ

ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ಆಗ್ನೇಯ ಭಾಗದಲ್ಲಿ ಹಬ್ಬಿಕೊಂಡಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪರಿಸರವು ಕನ್ನಡ ಸಾಂಸ್ಕೃತಿಕ ಚರಿತ್ರೆಯಲ್ಲಿ ವಿಶಿಷ್ಟವಾದ ಸ್ಥಾನವನ್ನು ಪಡೆದಿದೆ. ಮಲಪ್ರಭೆಯ ನೀರು, ಎರೆಹೊಲದ ಹತ್ತಿ ಮತ್ತು ಜೋಳ, ರಾಮದುರ್ಗದ ನೇಕಾರಿಕೆ, ಯಲ್ಲಮ್ಮನ ಗುಡ್ಡದ ಜಾತ್ರೆ ಇವು ಈ ಸೀಮೆಯ ಆರ್ಥಿಕ ಹಾಗೂ ಧಾರ್ಮಿಕ ಬದುಕಿನ ಆಧಾರಗಳು. ರಾಜಕೀಯವಾಗಿ ಈ ಪ್ರದೇಶ ಒಂದೇ ಆಡಳಿತದಲ್ಲಿ ಇದ್ದುದಲ್ಲ. ಕಿತ್ತೂರು ದೇಸಗತಿ 1824ರ ಯುದ್ಧದ ನಂತರ ಕಂಪನಿ ಸರಕಾರದ ವಶವಾಯಿತು. ಬೈಲಹೊಂಗಲ ಸಂಪಗಾವಿ ತಾಲೂಕಿಗೂ ಸವದತ್ತಿ ಪರಸಗಡ ತಾಲೂಕಿಗೂ ಸೇರಿ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟವು. ರಾಮದುರ್ಗವು ಭಾವೆ ಮನೆತನದ ಮರಾಠಿ ಸಂಸ್ಥಾನವಾಗಿ 1948ರವರೆಗೆ ಉಳಿಯಿತು. 1956ರಲ್ಲಿ ಏಕೀಕರಣವಾದಾಗ ಇಡೀ ಸೀಮೆ ಮೈಸೂರು ರಾಜ್ಯದ ಭಾಗವಾಯಿತು.

ಕನ್ನಡ ಚಲನಚಿತ್ರ ಹಾಗೂ ದೂರದರ್ಶನ ಮಾಧ್ಯಮಗಳ ಚರಿತ್ರೆಯನ್ನು ಸಾಮಾನ್ಯವಾಗಿ ಮೈಸೂರು, ಬೆಂಗಳೂರು ಮತ್ತು ಮದರಾಸುಗಳನ್ನು ಕೇಂದ್ರವಾಗಿಟ್ಟುಕೊಂಡು ಬರೆಯಲಾಗುತ್ತದೆ. ಬಂಡವಾಳ, ಸ್ಟುಡಿಯೋ ಮತ್ತು ಕಲಾವಿದರು ಅಲ್ಲಿಯೇ ಕೇಂದ್ರೀಕೃತವಾಗಿದ್ದುದರಿಂದ ಅದು ಸಹಜವೂ ಹೌದು. ಆದರೆ ಈ ಉದ್ಯಮಕ್ಕೆ ಕಥಾವಸ್ತು, ಹಾಡಿನ ಧಾಟಿ, ನಟರು ಮತ್ತು ಪ್ರೇಕ್ಷಕರನ್ನು ಒದಗಿಸಿದ ಪ್ರದೇಶವೊಂದರಿಂದ ಅದೇ ಚರಿತ್ರೆಯನ್ನು ನೋಡಿದಾಗ ಏರಿಳಿತಗಳ ಸ್ವರೂಪ ಬೇರೆಯಾಗಿ ಕಾಣುತ್ತದೆ. ಮಲಪ್ರಭೆಯ ಸೀಮೆ ಕನ್ನಡ ದೃಶ್ಯ ಮಾಧ್ಯಮಗಳಿಗೆ ಬಹಳಷ್ಟನ್ನು ಕೊಟ್ಟಿತಾದರೂ ಆ ಮಾಧ್ಯಮಗಳ ಯಜಮಾನಿಕೆ ಎಂದೂ ಇಲ್ಲಿ ನೆಲೆಗೊಳ್ಳಲಿಲ್ಲ. ಉದ್ಯಮದ ಏರುಗಾಲದ ಫಲ ಇಲ್ಲಿಗೆ ತಡವಾಗಿ ತಲುಪಿತು. ಇಳಿಗಾಲದ ಪೆಟ್ಟು ಮಾತ್ರ ಬೇಗ ತಟ್ಟಿತು. ಈ ಮಾತನ್ನು ಸಣ್ಣಾಟ, ವೃತ್ತಿರಂಗಭೂಮಿ, ಚಲನಚಿತ್ರ ಮತ್ತು ಕಿರುತೆರೆ ಎಂಬ ನಾಲ್ಕು ಘಟ್ಟಗಳಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಾವಣಿ ಮತ್ತು ಸಣ್ಣಾಟದ ಹಿನ್ನೆಲೆ

ಈ ಸೀಮೆಯ ಕಥನ ಪರಂಪರೆಗೆ ಹತ್ತೊಂಬತ್ತನೆಯ ಶತಮಾನದ ಲಿಖಿತ ಆಧಾರ ದೊರೆಯುತ್ತದೆ. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ ತಾನು ಸಂಗ್ರಹಿಸಿದ ಕನ್ನಡ ಲಾವಣಿಗಳನ್ನು 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸಂಗ್ಯಾನ ಸಾವಿನ ಲಾವಣಿಯೂ ಸೇರಿವೆ. ಒಂದು ಬ್ರಿಟಿಷರ ವಿರುದ್ಧ ದಂಗೆ ಎದ್ದು 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ವೀರನನ್ನು ಕುರಿತದ್ದು. ಇನ್ನೊಂದು ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಕುರಿತದ್ದು. ಮುಂದೆ ಕನ್ನಡ ರಂಗಭೂಮಿ ಮತ್ತು ಚಲನಚಿತ್ರ ಈ ಎರಡೂ ವಸ್ತುಗಳನ್ನು ಎತ್ತಿಕೊಂಡವು. ಆದ್ದರಿಂದ ಚಿತ್ರರಂಗ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಈ ಕಥೆಗಳು ಹಾಡುಗಬ್ಬಗಳಾಗಿ ಜನರ ನಡುವೆ ಬಳಕೆಯಲ್ಲಿದ್ದವು ಎಂಬುದು ಗಮನಾರ್ಹ.

‘ಸಂಗ್ಯಾ ಬಾಳ್ಯಾ’ ಸಣ್ಣಾಟವು ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನೊಂದಿಗೆ ಸೇರಿಕೊಂಡಿದೆ. ವ್ಯಾಪಾರಸ್ಥನ ಹೆಂಡತಿ ಗಂಗಾ, ಅವಳಿಗೆ ಮನಸೋತ ಸಂಗ್ಯಾ, ಅವನ ಗೆಳೆಯ ಬಾಳ್ಯಾ ಇವರ ಸುತ್ತ ಬೆಳೆಯುವ ಈ ಕಥೆಯಲ್ಲಿ ದೇವತೆಗಳಿಲ್ಲ, ರಾಜರಿಲ್ಲ. ದೊಡ್ಡಾಟವು ಪುರಾಣದ ಯುದ್ಧ ಪ್ರಸಂಗಗಳನ್ನು ಭಾರೀ ವೇಷಭೂಷಣಗಳೊಡನೆ ಆಡಿದರೆ, ಸಣ್ಣಾಟವು ನೆರೆಮನೆಯಲ್ಲಿ ನಡೆದ ಘಟನೆಯನ್ನು ನಿತ್ಯದ ಉಡುಪಿನಲ್ಲಿ, ಆಡುಮಾತಿನಲ್ಲಿ ರಂಗದ ಮೇಲೆ ತಂದಿತು. ಸ್ನೇಹ, ಕಾಮ, ವಂಚನೆ ಮತ್ತು ಕೊಲೆಗಳನ್ನೊಳಗೊಂಡ ಈ ಆಟವನ್ನು ಕನ್ನಡದ ಮೊದಲ ಸಾಮಾಜಿಕ ರಂಗಕೃತಿಗಳ ಸಾಲಿನಲ್ಲಿ ಇರಿಸಿ ನೋಡಬೇಕಾಗುತ್ತದೆ. ಗೋಕಾಕ ಭಾಗದ ‘ಶ್ರೀಕೃಷ್ಣ ಪಾರಿಜಾತ’ವೂ ಇದೇ ಜಿಲ್ಲೆಯಲ್ಲಿ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಮೂಲಕ ಉತ್ತರ ಕರ್ನಾಟಕದಾದ್ಯಂತ ಪ್ರಸಿದ್ಧಿ ಪಡೆಯಿತು. ರಾಮದುರ್ಗ ಸೀಮೆಯ ಹುಲಕುಂದದ ಗೀಗೀ ಕವಿಗಳು ಸ್ವಾತಂತ್ರ್ಯ ಚಳವಳಿಯ ಸಂದೇಶವನ್ನು ಹಾಡಿನ ಮೂಲಕ ಹಳ್ಳಿಗಳಿಗೆ ಮುಟ್ಟಿಸಿದರು.

ಈ ಕಲೆಗಳ ಅರ್ಥವ್ಯವಸ್ಥೆ ಸುಗ್ಗಿ ಮತ್ತು ಜಾತ್ರೆಗಳ ಲಯವನ್ನು ಅನುಸರಿಸುತ್ತಿತ್ತು. ಬನದ ಹುಣ್ಣಿಮೆ ಮತ್ತು ಭರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡದಲ್ಲಿ ಸೇರುವ ಜನಸ್ತೋಮ, ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರೇಶ್ವರ ಜಾತ್ರೆ, ಊರೂರಿನ ಬಸವೇಶ್ವರ, ದುರ್ಗವ್ವರ ಜಾತ್ರೆಗಳು ಕಲಾವಿದರಿಗೆ ಪ್ರೇಕ್ಷಕರನ್ನು ಒದಗಿಸುತ್ತಿದ್ದವು. ಹತ್ತಿ ಮತ್ತು ಜೋಳ ಮಾರಾಟವಾಗಿ ಕೈಯಲ್ಲಿ ಹಣ ಓಡಾಡುವ ಕಾಲವೇ ಆಟದ ಕಾಲವೂ ಆಗಿತ್ತು. ಮಳೆ ಕೈಕೊಟ್ಟ ವರ್ಷ ಆಟವೂ ಕಡಿಮೆಯಾಗುತ್ತಿತ್ತು. ಆದರೆ ಮರುವರ್ಷ ಪುನಃ ಆರಂಭಿಸಲು ಹೆಚ್ಚಿನ ಬಂಡವಾಳವೇನೂ ಬೇಕಿರಲಿಲ್ಲ. ಆಟದವರು ಊರಿನ ರೈತರು, ನೇಕಾರರು, ಬಡಿಗರೇ ಆಗಿದ್ದರು. ಸಣ್ಣಾಟವು ಅನೇಕ ಹೊಡೆತಗಳನ್ನು ತಾಳಿಕೊಂಡು ಉಳಿದುದಕ್ಕೆ ಇದು ಮುಖ್ಯ ಕಾರಣವೆನ್ನಬಹುದು.

ವೃತ್ತಿರಂಗಭೂಮಿ: ಗುರ್ಲಹೊಸೂರಿನಿಂದ ಏಣಗಿಯವರೆಗೆ

ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದಾಗ ಮರಾಠಿ ರಂಗಭೂಮಿಯ ಹೊಸ ಯುಗ ಆರಂಭವಾಯಿತು. ಅವರ ನಾಟಕಗಳ ಹಾಡುಗಳಲ್ಲಿ ಕನ್ನಡ ಪದಗಳ ಧಾಟಿಗಳು ಬಳಕೆಯಾಗಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಇದಕ್ಕೂ ಮೊದಲು, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಕರ್ನಾಟಕದ ಭಾಗವತ ಮೇಳದ ಆಟವೇ ಪ್ರೇರಣೆಯಾಗಿತ್ತು. ಹೀಗೆ ಈ ಭಾಗದ ರಂಗಸಂಪತ್ತು ಮರಾಠಿಗೆ ಹೋಗಿ, ಅಲ್ಲಿ ಸಂಸ್ಥೆಯ ರೂಪ ಪಡೆದು, ಪುನಃ ಕಂಪನಿ ನಾಟಕವಾಗಿ ಕನ್ನಡ ಪ್ರದೇಶಕ್ಕೆ ಮರಳಿತು. ಮರಾಠಿ ಕಂಪನಿಗಳ ಜನಪ್ರಿಯತೆಗೆ ಉತ್ತರವೆಂಬಂತೆ 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಿರಹಟ್ಟಿ, ಕೊಣ್ಣೂರು, ಗದಗ ಮುಂತಾದ ಊರುಗಳ ಹೆಸರಿನ ಕಂಪನಿಗಳು ಪ್ರಸಿದ್ಧವಾದವು.

ಈ ಪರಂಪರೆಯ ಕೊನೆಯ ದೊಡ್ಡ ಕೊಂಡಿ ಏಣಗಿ ಬಾಳಪ್ಪನವರು. 1914ರಲ್ಲಿ ಸವದತ್ತಿ ತಾಲೂಕಿನ ಏಣಗಿ ಗ್ರಾಮದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಬಣ್ಣ ಹಚ್ಚಿ, ಸ್ತ್ರೀಪಾತ್ರಗಳ ಮೂಲಕ ಹೆಸರು ಮಾಡಿ, ಮುಂದೆ ‘ಕಲಾವೈಭವ ನಾಟ್ಯಸಂಘ’ದ ಮಾಲೀಕರಾಗಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಕ್ಯಾಂಪು ಮಾಡಿದರು. ಹಾಡುಗಾರಿಕೆಯೇ ಅವರ ಅಭಿನಯದ ಜೀವಾಳ. ಬಸವೇಶ್ವರನ ಪಾತ್ರದಲ್ಲಿ ಅವರು ವಚನಗಳನ್ನು ಹಾಡಿದ ರೀತಿ ಈ ಭಾಗದ ಜನರ ನೆನಪಿನಲ್ಲಿ ಬಹುಕಾಲ ಉಳಿಯಿತು. ಕೇಂದ್ರ ಸಂಗೀತ ನಾಟಕ ಅಕಾದೆಮಿಯ ಪ್ರಶಸ್ತಿ ಅವರಿಗೆ ಸಂದಿತು. 2017ರ ಆಗಸ್ಟ್‌ನಲ್ಲಿ, ನೂರು ವರ್ಷ ದಾಟಿದ ತುಂಬು ಬಾಳನ್ನು ಮುಗಿಸಿ ಅವರು ನಿಧನರಾದರು.

ಕಂಪನಿ ಎಂಬುದು ಅಂದಿನ ಪರಿಭಾಷೆಯಲ್ಲಿ ಒಂದು ಚಲಿಸುವ ಊರು. ನಟನಟಿಯರು, ಕಾಲಪೇಟಿ ಮತ್ತು ತಬಲಾ ನುಡಿಸುವವರು, ಪರದೆ ಬರೆಯುವವರು, ಮೇಕಪ್ಪಿನವರು, ಅಡುಗೆಯವರು, ಗೇಟಿನವರು, ಇವರೆಲ್ಲರ ಸಂಸಾರಗಳು ಒಟ್ಟಿಗೇ ಬದುಕುತ್ತಿದ್ದವು. ಒಂದು ಊರಿನಲ್ಲಿ ಕ್ಯಾಂಪು ಹಾಕಿದರೆ ತಗಡಿನ ಥಿಯೇಟರು ಕಟ್ಟಲು, ಪರವಾನಿಗೆ ಪಡೆಯಲು, ಸಾಗಾಣಿಕೆಗೆ ಮುಂಗಡ ಹಣ ಬೇಕು. ಆ ಹಣ ಬಹುಮಟ್ಟಿಗೆ ಸಾಲದಿಂದಲೇ ಬರುತ್ತಿತ್ತು. ಹೀಗಾಗಿ ಸಣ್ಣಾಟಕ್ಕೆ ಇದ್ದ ಸಹಜ ತಾಳಿಕೆ ಕಂಪನಿಗೆ ಇರಲಿಲ್ಲ. ಒಂದು ಕ್ಯಾಂಪು ಸೋತರೆ ಸಾಮಾನು ಒತ್ತೆಯಾಗುತ್ತಿತ್ತು. ಎರಡು ಕ್ಯಾಂಪು ಸೋತರೆ ಕಂಪನಿಯೇ ಚದುರುತ್ತಿತ್ತು.

ಇಲ್ಲಿ ದಕ್ಷಿಣದ ಕಂಪನಿಗಳೊಡನೆ ಹೋಲಿಕೆ ಅಗತ್ಯ. ಗುಬ್ಬಿ ಕಂಪನಿಯು ಚಲನಚಿತ್ರದ ಪೈಪೋಟಿಯನ್ನು ಎದುರಿಸಿದಾಗ ತಾನೇ ಚಿತ್ರ ನಿರ್ಮಾಣಕ್ಕೆ ಇಳಿಯಿತು. 1954ರ ‘ಬೇಡರ ಕಣ್ಣಪ್ಪ’ ಆ ಸಂಸ್ಥೆಯ ನಂಟಿನಿಂದಲೇ ಮೂಡಿಬಂದ ಚಿತ್ರ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಕಂಪನಿಯ ಅಂಗಳದಿಂದ ನೇರವಾಗಿ ಮದರಾಸಿನ ಸ್ಟುಡಿಯೋಗಳಿಗೆ ಹೋದರು. ಮಲಪ್ರಭೆಯ ಸೀಮೆಯ ಕಂಪನಿಗಳಿಗೆ ಇಂಥ ಸೇತುವೆ ಇರಲಿಲ್ಲ. ಉತ್ತರ ಕರ್ನಾಟಕದಿಂದ ಚಿತ್ರರಂಗಕ್ಕೆ ಹೋದವರು ಅನೇಕರು ಮುಂಬಯಿಯ ದಾರಿ ಹಿಡಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರಗಳ ಹಿನ್ನೆಲೆ ಗಾಯಕಿಯಾಗಿ ಪಡೆದ ಖ್ಯಾತಿ ಇದಕ್ಕೆ ನಿದರ್ಶನ. ಕನ್ನಡ ಚಲನಚಿತ್ರ ಬೆಳೆದಂತೆ ದಕ್ಷಿಣದ ರಂಗನಟನಿಗೆ ಹೊಸ ಉದ್ಯೋಗ ದೊರೆಯಿತು, ಉತ್ತರದ ರಂಗನಟ ಇದ್ದ ಉದ್ಯೋಗವನ್ನೂ ಕಳೆದುಕೊಂಡ ಎಂದರೆ ಅತಿಶಯೋಕ್ತಿಯಾಗಲಾರದು.

ಬೆಳ್ಳಿತೆರೆ: ಇಲ್ಲಿಯ ಕಥೆ, ಅಲ್ಲಿಯ ಚಿತ್ರ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಬೆಂಗಳೂರಿನ ನಿರ್ಮಾಣ ಸಂಸ್ಥೆ, ದಕ್ಷಿಣದ ರಂಗಭೂಮಿಯ ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರಂಥ ಕಲಾವಿದರು ಬೆಳಗಾವಿಯನ್ನು ದಾಟಿ ಕೊಲ್ಲಾಪುರಕ್ಕೆ ಹೋಗಿ ಕನ್ನಡ ಚಿತ್ರ ಮಾಡಿ ಮರಳಿದರು. ಬಾಬೂರಾವ್ ಪೇಂಟರ್ 1917ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರ ಫಿಲ್ಮ್ ಕಂಪನಿ ಮತ್ತು 1929ರಲ್ಲಿ ಅಲ್ಲಿಯೇ ಹುಟ್ಟಿದ ಪ್ರಭಾತ್ ಸಂಸ್ಥೆಗಳಿಂದ ಕೊಲ್ಲಾಪುರವು ಚಿತ್ರ ತಂತ್ರಜ್ಞರ ನೆಲೆಯಾಗಿತ್ತು. ಅದಕ್ಕೆ ಅಷ್ಟು ಸಮೀಪದಲ್ಲಿದ್ದರೂ ಬೆಳಗಾವಿ ಜಿಲ್ಲೆಯ ಕನ್ನಡ ರಂಗಭೂಮಿಗೆ ಆ ಸ್ಟುಡಿಯೋಗಳ ಲಾಭ ದಕ್ಕಲಿಲ್ಲ. ಕೊಲ್ಲಾಪುರದ ಬಂಡವಾಳ ಮರಾಠಿ ಮತ್ತು ಹಿಂದಿ ಮಾರುಕಟ್ಟೆಯನ್ನು ನೋಡುತ್ತಿತ್ತು. ಕನ್ನಡದ ಬಂಡವಾಳ ಬೆಂಗಳೂರು, ಮೈಸೂರುಗಳನ್ನು ನೋಡುತ್ತಿತ್ತು.

ಏಕೀಕರಣದ ನಂತರದ ವರ್ಷಗಳಲ್ಲಿ ಉತ್ತರ ಕರ್ನಾಟಕದ ಚರಿತ್ರೆ ಕನ್ನಡ ಚಿತ್ರಗಳ ವಸ್ತುವಾಯಿತು. 1959ರಲ್ಲಿ ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ ಬಂದಿತು. 1961ರಲ್ಲಿ ಬಿ.ಆರ್. ಪಂತುಲು ತಮ್ಮ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯಿಂದ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೆರೆಗಿತ್ತರು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದ ಈ ಚಿತ್ರ ರಾಷ್ಟ್ರ ಪ್ರಶಸ್ತಿಯ ಮನ್ನಣೆಯನ್ನೂ ಪಡೆಯಿತು. ಹಿಂದೆಯೇ ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ (1959) ಚಿತ್ರವನ್ನು ಕೊಟ್ಟಿದ್ದ ಪಂತುಲು ಅವರು ಕಪ್ಪ ಕೊಡಲು ನಿರಾಕರಿಸಿದ ಪಾಳೆಯಗಾರನ ಕಥೆಯಿಂದ ದತ್ತಕವನ್ನು ಒಪ್ಪದ ಕಂಪನಿ ಸರಕಾರವನ್ನು ಎದುರಿಸಿದ ರಾಣಿಯ ಕಥೆಗೆ ಬಂದುದು ಆಕಸ್ಮಿಕವಲ್ಲ. ಹೊಸ ರಾಜ್ಯಕ್ಕೆ ಸಮಾನವಾದ ವೀರಪರಂಪರೆಯೊಂದು ಬೇಕಾಗಿತ್ತು. ಕಿತ್ತೂರು ಅದನ್ನು ಒದಗಿಸಿತು. ಹಳೆಯ ಮೈಸೂರಿನ ಪ್ರೇಕ್ಷಕರಿಗೆ ಚೆನ್ನಮ್ಮ ತಮ್ಮವಳಾದದ್ದರಲ್ಲಿ ಈ ಚಿತ್ರದ ಪಾತ್ರ ದೊಡ್ಡದು.

ಆದರೆ ಚಿತ್ರದ ಚೆನ್ನಮ್ಮ ಮಾತನಾಡಿದ್ದು ಗ್ರಾಂಥಿಕ ಛಾಯೆಯ ಶಿಷ್ಟ ಕನ್ನಡವನ್ನು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ 1829ರಲ್ಲಿ ಮಡಿದ ರಾಣಿಯನ್ನು ಅವಳ ಸಮಾಧಿ ಇರುವ ಊರಿನ ಜನ ಲಾವಣಿಯಲ್ಲಿ, ಜಾತ್ರೆಯ ನಾಟಕದಲ್ಲಿ ತಮ್ಮ ನುಡಿಯಲ್ಲೇ ಕೇಳಿದ್ದರು. ಬಸವಣ್ಣನ ವಿಷಯದಲ್ಲೂ ಇಂಥದೇ ವ್ಯತ್ಯಾಸ ಉಂಟು. ಚಿತ್ರದ ಬಸವಣ್ಣ ಹೊನ್ನಪ್ಪ ಭಾಗವತರು ಕರ್ನಾಟಕ ಸಂಗೀತದ ಹಾಗೂ ತಮಿಳು ಚಿತ್ರರಂಗದ ಅನುಭವದಿಂದ ಬಂದವರು. ಏಣಗಿ ಬಾಳಪ್ಪನವರ ಬಸವಣ್ಣ ಉತ್ತರದ ಹಿಂದೂಸ್ತಾನಿ ನಾಟ್ಯಸಂಗೀತದ ಮಗ್ಗುಲಿನಲ್ಲಿ ಬೆಳೆದವನು. ಎರಡೂ ತಮ್ಮ ತಮ್ಮ ರೀತಿಯಲ್ಲಿ ಮಹತ್ವದವು. ಆದರೆ ಫಿಲ್ಮಿನ ಸುರುಳಿಯಲ್ಲಿ ಉಳಿದದ್ದು ಮೊದಲನೆಯದು. ಎರಡನೆಯದು ಬಹುಪಾಲು ಕೇಳಿದವರೊಂದಿಗೇ ಮರೆಯಾಯಿತು.

ಸಣ್ಣಾಟದ ವಸ್ತು ತೆರೆಗೆ ಬಂದುದು ಚಂದ್ರಶೇಖರ ಕಂಬಾರರ ಮೂಲಕ. ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ನಡೆಸಿ, ‘ಸಂಗ್ಯಾ ಬಾಳ್ಯಾ’ವನ್ನು ಆಧುನಿಕ ರಂಗಕ್ಕೆ ಪರಿಚಯಿಸಿದರು. ‘ಕರಿಮಾಯಿ’, ‘ಕಾಡು ಕುದುರೆ’, ‘ಸಂಗೀತಾ’ ಚಿತ್ರಗಳನ್ನು ಸ್ವತಃ ನಿರ್ದೇಶಿಸಿದರು. ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿ ಬಂದಾಗ ಬೆಳಗಾವಿ ಸೀಮೆಯ ಆಡುಮಾತಿನ ಪದವೊಂದು ರಾಷ್ಟ್ರಮಟ್ಟದಲ್ಲಿ ಗುರುತಿಸಲ್ಪಟ್ಟಂತಾಯಿತು. 1992ರಲ್ಲಿ ಸುಂದರಕೃಷ್ಣ ಅರಸ್ ‘ಸಂಗ್ಯಾ ಬಾಳ್ಯಾ’ವನ್ನು ಚಿತ್ರವಾಗಿಸಿದರು. ಇವು ಕಲಾತ್ಮಕ ಪ್ರಯತ್ನಗಳಾಗಿ ಮನ್ನಣೆ ಪಡೆದವೇ ಹೊರತು ಉತ್ತರ ಕರ್ನಾಟಕದ್ದೇ ಆದ ನಿರ್ಮಾಣ ಕೇಂದ್ರವೊಂದನ್ನು ಹುಟ್ಟುಹಾಕುವಷ್ಟು ಶಕ್ತವಾಗಲಿಲ್ಲ.

ಸವದತ್ತಿಯ ಯಲ್ಲಮ್ಮನ ಸಂಪ್ರದಾಯ ಕನ್ನಡದಲ್ಲಿ ರೇಣುಕೆಯ ಮಹಾತ್ಮೆಯ ಪೌರಾಣಿಕ ಚಿತ್ರಗಳಿಗೆ ವಸ್ತುವಾದರೆ, ಅದರ ಸಾಮಾಜಿಕ ಮುಖ ಅನ್ಯಭಾಷೆಯ ಚಿತ್ರಗಳಲ್ಲಿ ಹೆಚ್ಚು ತೀಕ್ಷ್ಣವಾಗಿ ಮೂಡಿತು. ಟಿ.ಎಸ್. ರಂಗಾ ನಿರ್ದೇಶಿಸಿದ ಹಿಂದಿಯ ‘ಗಿಧ್’ (1984) ಮತ್ತು ರಾಜೀವ್ ಪಾಟೀಲ್ ನಿರ್ದೇಶಿಸಿದ ಮರಾಠಿಯ ‘ಜೋಗವಾ’ (2009) ದೇವಿಗೆ ಬಿಡುವ ಪದ್ಧತಿಯನ್ನು, ಜೋಗತಿ-ಜೋಗಪ್ಪಗಳ ಬದುಕನ್ನು ನೇರವಾಗಿ ಎದುರಿಸಿದವು. ಇವೆರಡರ ನಡುವಿನ ಅವಧಿಯಲ್ಲಿ 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಜಾರಿಗೆ ಬರತೊಡಗಿತ್ತು. ಸಣ್ಣಾಟ ಹಾಗೂ ಕಂಪನಿ ನಾಟಕಗಳ ಅನೇಕ ನಟಿಯರು ಇಂಥ ಮನೆತನಗಳಿಂದಲೇ ಬಂದವರು. ರಂಗ ಅವರಿಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟಿತು. ಸಮಾಜ ಅವರಿಗೆ ಗೌರವವನ್ನು ಸುಲಭವಾಗಿ ಕೊಡಲಿಲ್ಲ. ಉದ್ಯಮದ ಇಳಿಗಾಲದಲ್ಲಿ ಮೊದಲು ನೆಲೆ ತಪ್ಪಿದವರೂ ಇವರೇ. ಈ ನಟಿಯರ ದೃಷ್ಟಿಯಿಂದ ಬರೆದ ಚರಿತ್ರೆ ಇನ್ನೂ ವಿಸ್ತಾರವಾಗಿ ಬರಬೇಕಾಗಿದೆ.

ಮಾರುಕಟ್ಟೆಯ ಗಡಿಗಳು

1956ರಲ್ಲಿ ರಾಜ್ಯದ ಗಡಿ ಬದಲಾದರೂ ಚಲನಚಿತ್ರ ವಿತರಣೆಯ ಗಡಿ ಬದಲಾಗಲಿಲ್ಲ. ಹಿಂದಿ ಚಿತ್ರಗಳ ವಿತರಣಾ ವ್ಯವಸ್ಥೆಯಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಸರ್ಕಿಟ್ಟಿನಲ್ಲೇ ಮುಂದುವರಿದವು. ಹೈದರಾಬಾದ ಕರ್ನಾಟಕ ನಿಜಾಮ ಸರ್ಕಿಟ್ಟಿನಲ್ಲಿ ಉಳಿಯಿತು. ರಾಜಕೀಯ ಏಕೀಕರಣವಾದರೂ ಮಾರುಕಟ್ಟೆಯ ಏಕೀಕರಣ ಆಗಲಿಲ್ಲವೆಂಬುದು ಇದರಿಂದ ಸ್ಪಷ್ಟ. ಹುಬ್ಬಳ್ಳಿ ಈ ಭಾಗದ ಕನ್ನಡ ಚಿತ್ರ ಹಂಚಿಕೆಯ ಮುಖ್ಯ ಪೇಟೆಯಾಯಿತು. ಅಲ್ಲಿಂದ ಚಿತ್ರದ ಪ್ರಿಂಟು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಬಳಿಕ ವ್ಯಾಪಾರದವರು ಬಿ ಮತ್ತು ಸಿ ಸೆಂಟರುಗಳೆಂದು ಕರೆಯುತ್ತಿದ್ದ ಬೈಲಹೊಂಗಲ, ಸವದತ್ತಿ, ರಾಮದುರ್ಗದಂಥ ಊರುಗಳಿಗೆ ಗೀರು ಬಿದ್ದ ಸ್ಥಿತಿಯಲ್ಲಿ ಬರುತ್ತಿತ್ತು. ಹಳ್ಳಿಗಳಿಗೆ ಟೂರಿಂಗ್ ಟಾಕೀಸಿನ ಡೇರೆಯೇ ಗತಿ. ಆದರೂ ಈ ಊರುಗಳ ಗಲ್ಲಾಪೆಟ್ಟಿಗೆ ಕನ್ನಡ ಚಿತ್ರೋದ್ಯಮಕ್ಕೆ ನಿರ್ಲಕ್ಷಿಸಲಾಗದ ಆದಾಯವಾಗಿತ್ತು.

ಅನ್ಯಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟುಪಾಡು 1960ರ ದಶಕದಿಂದ ಉದ್ಯಮದಲ್ಲಿ ನಡೆದುಬಂದಿತು. ಇದರ ಉದ್ದೇಶ ಕನ್ನಡ ಚಿತ್ರಗಳ ರಕ್ಷಣೆ. ದಕ್ಷಿಣದಲ್ಲಿ ಅದು ಒಂದು ಮಟ್ಟಿಗೆ ಫಲ ನೀಡಿತು. ಆದರೆ ಬೆಳಗಾವಿ ಭಾಗದ ಪ್ರೇಕ್ಷಕ ಹಿಂದಿ ಮತ್ತು ಮರಾಠಿ ಚಿತ್ರಗಳನ್ನು ಮೂಲದಲ್ಲೇ ನೋಡಿ ತಿಳಿಯಬಲ್ಲವನಾಗಿದ್ದ. ಡಬ್ಬಿಂಗ್ ತಡೆ ಇಲ್ಲಿ ಕನ್ನಡ ಚಿತ್ರಕ್ಕೆ ಬೇಲಿಯಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ಕಟ್ಟುಪಾಡಿನ ವಿರುದ್ಧ ಆದೇಶ ನೀಡಿದ ಮೇಲೆ ಡಬ್ ಆದ ಚಿತ್ರಗಳು ಕ್ರಮೇಣ ಬಂದವು. ರಾಜ್ಯದ ಒಂದು ಭಾಗದ ಅನುಭವದ ಮೇಲೆ ರೂಪಿಸಿದ ನೀತಿ ಇಡೀ ನಾಡಿಗೆ ಒಂದೇ ರೀತಿ ಅನ್ವಯಿಸುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

2012ರ ನವೆಂಬರ್ 1ರಂದು ತೆರೆಕಂಡ, ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರವು ಬೇರೊಂದು ಕಾಲಘಟ್ಟವನ್ನು ಸೂಚಿಸುತ್ತದೆ. ಆ ವೇಳೆಗೆ ಡಿಜಿಟಲ್ ಪ್ರದರ್ಶನ ಬಂದಿದ್ದುದರಿಂದ ತಾಲೂಕು ಕೇಂದ್ರದ ಪ್ರೇಕ್ಷಕ ಹೊಸ ಚಿತ್ರಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿರಲಿಲ್ಲ. ದರ್ಶನ್ ಅವರಂಥ ತಾರಾನಟ ರಾಯಣ್ಣನಾಗಿ, ಜಯಪ್ರದಾ ಚೆನ್ನಮ್ಮನಾಗಿ ಅಭಿನಯಿಸಿದ ಈ ಚಿತ್ರಕ್ಕೆ ಉತ್ತರ ಕರ್ನಾಟಕದಲ್ಲಿ ದೊರೆತ ಸ್ವಾಗತ, ಈ ಸೀಮೆಯ ವಸ್ತುವಿಗೆ ದೊಡ್ಡ ಮಾರುಕಟ್ಟೆ ಇದೆಯೆಂಬುದನ್ನು ತೋರಿಸಿತು. ಆದರೆ ಆ ಗೆಲುವು ಕೂಡ ಸ್ಥಳೀಯ ಉದ್ಯಮವೊಂದರ ಆರಂಭವಾಗಲಿಲ್ಲ. ಅನಂತರದ ವರ್ಷಗಳಲ್ಲಿ ನಗರಗಳಲ್ಲಿ ಮಲ್ಟಿಪ್ಲೆಕ್ಸುಗಳು ಹೆಚ್ಚಿ, ಸಣ್ಣ ಊರುಗಳ ಒಂಟಿ ಪರದೆಯ ಚಿತ್ರಮಂದಿರಗಳು ಸೊರಗಿದವು. 2020ರ ಕೋವಿಡ್ ಅವಧಿಯ ದೀರ್ಘ ಬಾಗಿಲುಮುಚ್ಚುವಿಕೆ ಅವುಗಳ ಸಂಕಷ್ಟವನ್ನು ಹೆಚ್ಚಿಸಿತು.

ಕಿರುತೆರೆ ಮತ್ತು ಅಳತೆಗೆ ಸಿಗದ ಪ್ರೇಕ್ಷಕ

ಕರ್ನಾಟಕಕ್ಕೆ ದೂರದರ್ಶನ ಮೊದಲು ಬಂದದ್ದು ಉತ್ತರ ಭಾಗಕ್ಕೆ. 1975-76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಬೆಳಗಾವಿ ಜಿಲ್ಲೆ ಅದರಲ್ಲಿ ಇರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತಾದರೂ, 1980ರ ದಶಕದಲ್ಲಿ ದೇಶದಾದ್ಯಂತ ಸ್ಥಾಪನೆಯಾದ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಹೆಚ್ಚಾಗಿ ದೆಹಲಿಯ ಕಾರ್ಯಕ್ರಮಗಳನ್ನೇ ಬಿತ್ತರಿಸಿದವು. ‘ರಾಮಾಯಣ’, ‘ಮಹಾಭಾರತ’ ಧಾರಾವಾಹಿಗಳ ಕಾಲದಲ್ಲಿ ಈ ಭಾಗದ ವೀಕ್ಷಕನಿಗೆ ಟಿ.ವಿ. ಎಂದರೆ ಬಹುಮಟ್ಟಿಗೆ ಹಿಂದಿಯಾಗಿತ್ತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ ವಾಹಿನಿಗಳು ಬಂದಂತೆ ಮನೆಮನೆಗೆ ಕನ್ನಡ ಕಿರುತೆರೆ ತಲುಪಿತು.

ಕಿರುತೆರೆಯು ಉತ್ತರ ಕರ್ನಾಟಕದ ರಂಗನಟರಿಗೆ ಕೆಲಮಟ್ಟಿಗೆ ಅವಕಾಶ ನೀಡಿತು. ಏಣಗಿ ಬಾಳಪ್ಪನವರ ಪುತ್ರ ನಟರಾಜ ಏಣಗಿ ರಂಗಭೂಮಿಯೊಂದಿಗೆ ಚಲನಚಿತ್ರ, ಧಾರಾವಾಹಿಗಳಲ್ಲೂ ಅಭಿನಯಿಸಿ 2012ರಲ್ಲಿ ನಿಧನರಾದರು. ತಂದೆ ಕಂಪನಿಯನ್ನು ಕಟ್ಟಿ ಊರೂರು ಒಯ್ದರೆ, ಮಗ ಮಾಧ್ಯಮದಿಂದ ಮಾಧ್ಯಮಕ್ಕೆ ನಡೆಯಬೇಕಾಯಿತು. ಎರಡು ತಲೆಮಾರುಗಳಲ್ಲಿ ನಟನ ವೃತ್ತಿ ಬದಲಾದ ಬಗೆಗೆ ಈ ಮನೆತನ ಸಾಕ್ಷಿಯಾಗಿದೆ. ಈ ನಡುವೆ ಕಂಪನಿ ನಾಟಕಗಳ ಹಾಸ್ಯ ಪ್ರಸಂಗಗಳು ಧ್ವನಿಸುರುಳಿಗಳಾಗಿ ಮಾರಾಟವಾದವು. ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕ’ ಕ್ಯಾಸೆಟ್ಟಿನ ಜನಪ್ರಿಯತೆ ಅವರನ್ನು ಚಿತ್ರರಂಗಕ್ಕೆ ಕರೆತಂದಿತು. 2025ರಲ್ಲಿ ಅವರು ನಿಧನರಾದರು.

ಆದರೆ ಧಾರಾವಾಹಿಗಳ ಮುಖ್ಯ ಪಾತ್ರಗಳ ಭಾಷೆ ಬೆಂಗಳೂರು-ಮೈಸೂರಿನ ಕನ್ನಡವೇ ಆಗಿ ಉಳಿಯಿತು. ‘ಹೌದ್ರಿ’, ‘ಬರ್ರಿ’, ‘ಮಾಡಾಕತ್ತೀನಿ’ ಎನ್ನುವ ನುಡಿ ಹಾಸ್ಯಪಾತ್ರಕ್ಕೆ, ಅಡುಗೆಯವನಿಗೆ, ಪಟ್ಟಣಕ್ಕೆ ಹೊಸದಾಗಿ ಬಂದ ಹಳ್ಳಿಗನಿಗೆ ಮೀಸಲಾದಂತಾಯಿತು. ಇದೇ ನುಡಿಯಲ್ಲಿ ಸಂಗ್ಯಾನ ಸಾವು ನೋಡುಗರ ಕಣ್ಣು ತೇವಗೊಳಿಸಿತ್ತು, ರಾಯಣ್ಣನ ನೇಣು ಸಿಟ್ಟು ಹುಟ್ಟಿಸಿತ್ತು ಎಂಬುದನ್ನು ನೆನೆದಾಗ ಈ ಬದಲಾವಣೆಯ ಗಂಭೀರತೆ ತಿಳಿಯುತ್ತದೆ. ದುಃಖವನ್ನೂ ವೀರವನ್ನೂ ಹೇಳಬಲ್ಲ ನುಡಿಯೊಂದು ನಗಿಸುವುದಕ್ಕೆ ಮಾತ್ರ ತಕ್ಕುದೆಂಬ ಭಾವನೆ ಬಲಿಯಿತು.

ಇದಕ್ಕೆ ಬರಹಗಾರರ ಅಥವಾ ನಿರ್ದೇಶಕರ ಅಭಿರುಚಿ ಮಾತ್ರವೇ ಕಾರಣವಲ್ಲ. ವಾಹಿನಿಗಳ ಆದಾಯ ಜಾಹೀರಾತಿನಿಂದ, ಜಾಹೀರಾತು ವೀಕ್ಷಕರ ಅಳತೆಯಿಂದ ನಿರ್ಧಾರವಾಗುತ್ತದೆ. ಆ ಅಳತೆಯ ಯಂತ್ರಗಳು ಬಹುಕಾಲ ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸೀಮಿತವಾಗಿದ್ದವು. 2011ರ ಜನಗಣತಿಯಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳಲ್ಲಿ ಯಾವ ಪಟ್ಟಣವೂ ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ. ಈ ಊರುಗಳ ಜನ ಪ್ರತಿದಿನ ಧಾರಾವಾಹಿ ನೋಡಿದರೂ ಅವರ ಮೆಚ್ಚುಗೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಾರ್ಕ್ ಸಂಸ್ಥೆ 2015ರಲ್ಲಿ ಗ್ರಾಮೀಣ ವೀಕ್ಷಕರನ್ನೂ ಅಳತೆಯಲ್ಲಿ ಸೇರಿಸಿದ ಮೇಲೆಯೇ ಪರಿಸ್ಥಿತಿ ಬದಲಾಗತೊಡಗಿತು. ಅದರ ಮರುವರ್ಷದಿಂದ ಅಗ್ಗದ ಮೊಬೈಲ್ ಇಂಟರ್ನೆಟ್ ಹಳ್ಳಿಗಳನ್ನು ತಲುಪಿತು. ಉತ್ತರ ಕರ್ನಾಟಕದ ಯುವಕರು ತಮ್ಮ ಆಡುಮಾತಿನಲ್ಲೇ ಕಿರುಚಿತ್ರ, ಜಾನಪದ ಗೀತೆಗಳನ್ನು ತಯಾರಿಸಿ ಯೂಟ್ಯೂಬಿನಲ್ಲಿ ಹಾಕತೊಡಗಿದರು. ನಿರ್ಮಾಣದ ಸಾಧನ ಇದೇ ಮೊದಲ ಬಾರಿಗೆ ಈ ಸೀಮೆಯ ಕೈಗೆ ಬಂದಿತು. ಅವುಗಳಲ್ಲಿ ಬಹಳಷ್ಟು ಇನ್ನೂ ಹಾಸ್ಯದ ಚೌಕಟ್ಟಿನಲ್ಲೇ ಇವೆ ಎಂಬುದು ನಿಜವಾದರೂ, ಈ ಬೆಳವಣಿಗೆ ಸಣ್ಣಾಟದ ಅರ್ಥವ್ಯವಸ್ಥೆಯನ್ನು ಹೋಲುತ್ತದೆ: ಬಂಡವಾಳ ಕಡಿಮೆ, ಕಲಾವಿದರು ನೆರೆಹೊರೆಯವರು, ಭಾಷೆ ತಮ್ಮದೇ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮಲಪ್ರಭೆಯ ಸೀಮೆಯಲ್ಲಿ ಕಡಿಮೆ ಬಂಡವಾಳದ, ಸ್ಥಳೀಯ ಜೀವನಲಯಕ್ಕೆ ಹೊಂದಿಕೊಂಡ ಕಲಾರೂಪಗಳು ಕುಗ್ಗಿದರೂ ಅಳಿಯಲಿಲ್ಲ. ಹೆಚ್ಚಿನ ಬಂಡವಾಳ ಬೇಡಿದ ಕಂಪನಿ ನಾಟಕ ಮತ್ತು ಚಿತ್ರಮಂದಿರಗಳು ಹೊರಗಿನ ನಿರ್ಧಾರಗಳಿಗೆ ಅಧೀನವಾಗಿ ಏರಿದವು, ಇಳಿದವು. ಈ ಭಾಗದ ಕಥೆಗಳು ನಾಡಿನ ಆಸ್ತಿಯಾದವು; ಕಥೆ ಹೇಳುವ ನುಡಿಗೆ ಅದೇ ಮನ್ನಣೆ ಸಿಗಲಿಲ್ಲ. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಸರಕಾರ ನಾಮಕರಣ ಮಾಡಿದೆ. ಹೆಸರು ಬದಲಾದಂತೆ ಸಾಂಸ್ಕೃತಿಕ ಸಂಸ್ಥೆಗಳ ಹಂಚಿಕೆಯೂ ಬದಲಾಗಬೇಕೆಂಬ ನಿರೀಕ್ಷೆ ಸಹಜವಾದುದು.

ತುರ್ತಾಗಿ ಆಗಬೇಕಾದ ಕೆಲಸ ದಾಖಲೆಯದು. ಗಣೇಶ ಅಮೀನಗಡ ಅವರು ನಿರೂಪಿಸಿದ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಗ್ರಂಥದಿಂದ ಏಣಗಿ ಬಾಳಪ್ಪನವರ ನೆನಪುಗಳು ಉಳಿದುಬಂದಿವೆ. ಆದರೆ ಅವರ ಜೊತೆ ಪೇಟಿ ನುಡಿಸಿದವರು, ಪರದೆ ಬರೆದವರು, ಎರಡನೆಯ ಪಾತ್ರ ಮಾಡಿದ ನಟಿಯರು, ಟೂರಿಂಗ್ ಟಾಕೀಸಿನಲ್ಲಿ ಯಂತ್ರ ನಡೆಸಿದವರು ಇಂಥ ದಾಖಲೆಯ ಹೊರಗೇ ಉಳಿದಿದ್ದಾರೆ. ಕಂಪನಿಗಳ ಲೆಕ್ಕದ ವಹಿಗಳು, ಕರಪತ್ರಗಳು, ಕೈಬರಹದ ನಾಟಕದ ಪ್ರತಿಗಳು, ಚಿತ್ರಮಂದಿರಗಳ ದಿನದ ವಸೂಲಿಯ ಪುಸ್ತಕಗಳು ಹಳೆಯ ಮನೆಗಳ ಅಟ್ಟಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅವನ್ನು ತಾಲೂಕುವಾರು ಸಂಗ್ರಹಿಸಬೇಕು. ಬೈಲಹೊಂಗಲದ ಸಂಗ್ಯಾನ ಕಥೆ ಇಂದಿಗೂ ಅಧ್ಯಯನಕ್ಕೆ ದೊರೆಯುವುದರಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಪರದೇಶಿ ಅಧಿಕಾರಿ ಅದನ್ನು ಬರೆಸಿಕೊಂಡು ಅಚ್ಚು ಹಾಕಿಸಿದ್ದೂ ಒಂದು ಕಾರಣ. ಇಪ್ಪತ್ತನೆಯ ಶತಮಾನದ ನಟರಿಗೆ, ನಟಿಯರಿಗೆ ಅಷ್ಟು ಮಾತ್ರದ ಉಪಚಾರವನ್ನು ಕನ್ನಡದ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಮಾಡಬೇಕಾಗಿದೆ.